ತಂಬಾಕಿನ ಗುಣಮಟ್ಟ ಪರೀಕ್ಷೆ

ತಂಬಾಕಿನ ಗುಣಮಟ್ಟ ಪರೀಕ್ಷೆ ಎಂಬುದು ಹದಗೊಳಿಸಿದ ತಂಬಾಕಿನ ಎಲೆಯನ್ನು ಅಥವಾ ಅದರಿಂದ ತಯಾರಿಸಿದ ಉತ್ಪನ್ನವನ್ನು ಕಣ್ಣು, ಕೈ, ಮೂಗು, ನಾಲಿಗೆಗಳ ನೆರವಿನಿಂದಲೂ ರಾಸಾಯನಿಕ ವಿಶ್ಲೇಷಣೆಯಿಂದಲೂ ಪರಿಶೀಲಿಸಿ ಅದರ ದರ್ಜೆಯನ್ನು ನಿರ್ಧರಿಸುವ ಕ್ರಮವಾಗಿದೆ. ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಹೆಸರೂ ಇದೆ. ಈ ಪರೀಕ್ಷೆ ಮುಖ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಹರಾಜು ಮಾರುಕಟ್ಟೆಯಲ್ಲಿ ಎಲೆಯ ವರ್ಗೀಕರಣ. ಬೆಳೆಗಾರನಿಗೆ ದೊರೆಯುವ ಬೆಲೆ ಇದನ್ನು ಅವಲಂಬಿಸಿದೆ. ಎರಡನೆಯದು ಸಿದ್ಧ ತಂಬಾಕಿನ ಪರಿಮಳ ಮತ್ತು ರುಚಿಯ ಪರೀಕ್ಷೆ. ಪೈಪಿನಲ್ಲಿ ಸೇದುವ ಕಪ್ಪು ಫ್ಲೇಕ್ ತಂಬಾಕಿನ ವಿಷಯದಲ್ಲಿ ಇದು ಹೆಚ್ಚು ಬೆಳೆದಿದೆ. ಈ ಎರಡೂ ಪರೀಕ್ಷೆಗಳು ವ್ಯಾಪಾರ ಮತ್ತು ರುಚಿಯ ಅಳತೆಗಳಾಗಿದ್ದು, ಆರೋಗ್ಯಕ್ಕೆ ಆಗುವ ಹಾನಿಯನ್ನು ಅಳೆಯುವುದಿಲ್ಲ. ಉನ್ನತ ದರ್ಜೆಯ ತಂಬಾಕೂ ಕೆಳದರ್ಜೆಯದರಂತೆಯೇ ಹಾನಿಕಾರಕವಾಗಿದೆ.

ಇತಿಹಾಸ

ತಂಬಾಕು ಅಮೆರಿಕ ಖಂಡದ ಮೂಲದ ಸಸ್ಯ. ಇದರ ವೈಜ್ಞಾನಿಕ ಹೆಸರು ನಿಕೋಟಿಯಾನಾ ಟಬಾಕಮ್. ಸಸ್ಯದ ಕುಲನಾಮವೂ ನಿಕೋಟಿನ್ ಎಂಬ ಪದವೂ 16ನೆಯ ಶತಮಾನದ ಫ್ರೆಂಚ್ ರಾಯಭಾರಿ ಜೀನ್ ನಿಕೋನ ಹೆಸರಿನಿಂದ ಬಂದಿವೆ. ಭಾರತಕ್ಕೆ ಈ ಬೆಳೆಯನ್ನು ತಂದವರು ಪೋರ್ಚುಗೀಸರು.

ವಿಜಯನಗರದ ವೈಭವದ ಕಾಲದಲ್ಲಿ ಹಂಪಿಯ ಅರಮನೆಯ ಸತ್ಕಾರದಲ್ಲಿ ಪ್ರಮುಖ ಸ್ಥಾನ ಪಡೆದಿದ್ದುದು ವೀಳ್ಯ. 1443ರಲ್ಲಿ ಹಂಪಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದೆಲೆಯ ಬಳಕೆಯನ್ನು ವಿವರವಾಗಿ ವರ್ಣಿಸಿದ್ದಾನೆ. ಅವನು ಬಂದಾಗ ಕೊಲಂಬಸ್ ಇನ್ನೂ ಅಮೆರಿಕವನ್ನು ತಲುಪಿರಲಿಲ್ಲವಾದ್ದರಿಂದ ಆ ವೀಳ್ಯದಲ್ಲಿ ತಂಬಾಕು ಇರುವ ಸಾಧ್ಯತೆಯಿಲ್ಲ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪನ್ನು ಸೇರಿಸಿ ಜಗಿಯುವ ರೂಢಿ ಅದಕ್ಕಿಂತ ಬಹಳ ಈಚಿನದು.

1565ರ ತಾಳಿಕೋಟೆ ಯುದ್ಧದ ನಂತರ ಹಂಪಿ ಪಾಳುಬಿದ್ದಿತು. ದಖ್ಖನಿನ ರಾಜಕೀಯದಲ್ಲಿ ಬಿಜಾಪುರದ ಪ್ರಾಮುಖ್ಯ ಹೆಚ್ಚಿತು. ಭಾರತದಲ್ಲಿ ತಂಬಾಕಿನ ರುಚಿ ನೋಡಿದ ಪ್ರಸಿದ್ಧ ಪ್ರಸಂಗ ಈ ಬಿಜಾಪುರಕ್ಕೆ ಸಂಬಂಧಿಸಿದೆ. ಮೊಗಲ್ ಚಕ್ರವರ್ತಿ ಅಕ್ಬರನ ದೂತನಾಗಿ ಅಲ್ಲಿಗೆ ಹೋಗಿದ್ದ ಅಸದ್ ಬೇಗ್, 17ನೆಯ ಶತಮಾನದ ಆರಂಭದಲ್ಲಿ ಹಿಂತಿರುಗುವಾಗ ತಂಬಾಕನ್ನೂ ರತ್ನಖಚಿತ ಕೊಳವೆಯನ್ನೂ ಕೊಂಡೊಯ್ದು ಚಕ್ರವರ್ತಿಗೆ ಅರ್ಪಿಸಿದನು. ಅಕ್ಬರನು ಕೆಲವು ಬಾರಿ ಸೇದಿ ನೋಡಿದನು. ಪರಿಚಯವಿಲ್ಲದ ವಸ್ತುವನ್ನು ಪರೀಕ್ಷಿಸದೆ ಬಳಸಬಾರದೆಂದು ಆಸ್ಥಾನವೈದ್ಯನು ವಿರೋಧಿಸಿದನು. ಪ್ರತಿಯೊಂದು ರೂಢಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತೆಂದು ಅಸದ್ ಬೇಗ್ ವಾದಿಸಿದನು. ಅಕ್ಬರನು ಈ ಅಭ್ಯಾಸವನ್ನು ರೂಢಿಸಿಕೊಳ್ಳಲಿಲ್ಲ. ಆದರೆ ಆಸ್ಥಾನದ ಗಣ್ಯರಲ್ಲಿ ಅದು ಬೇಗನೆ ಹರಡಿತು. 1617ರಲ್ಲಿ ಜಹಾಂಗೀರನು ತಂಬಾಕು ಸೇವನೆಯನ್ನು ನಿಷೇಧಿಸಿದನಾದರೂ ಬಳಕೆ ನಿಲ್ಲಲಿಲ್ಲ.

ಎಲೆಯ ಗುಣಕ್ಕೆ ಕಾರಣವಾಗುವ ಅಂಶಗಳು

ತಂಬಾಕಿನ ಗುಣವನ್ನು ತಳಿ, ಮಣ್ಣು, ಮಳೆ, ಗಿಡದಲ್ಲಿ ಎಲೆಯಿರುವ ಸ್ಥಾನ ಮತ್ತು ಹದಗೊಳಿಸುವ ವಿಧಾನ ನಿರ್ಧರಿಸುತ್ತವೆ. ಗಿಡದ ಬುಡದ ಎಲೆಗಳು ತೆಳುವಾಗಿದ್ದು ಅವುಗಳಲ್ಲಿ ನಿಕೋಟಿನ್ ಕಡಿಮೆ. ಮೇಲೆ ಹೋದಂತೆ ಎಲೆ ದಪ್ಪವಾಗಿ ನಿಕೋಟಿನ್ ಹೆಚ್ಚುತ್ತದೆ. ಆದ್ದರಿಂದ ಎಲೆಗಳನ್ನು ಒಟ್ಟಿಗೆ ಕೀಳದೆ, ಕೆಳಗಿನಿಂದ ಮಾಗಿದಂತೆಲ್ಲ ಒಂದು ಸರದಿಗೆ ಎರಡು ಮೂರು ಎಲೆಗಳಂತೆ ಬಿಡಿಸಲಾಗುತ್ತದೆ.

ಹದಗೊಳಿಸುವ ಪ್ರಮುಖ ವಿಧಾನಗಳು ಹೀಗಿವೆ:

ಬ್ಯಾರನ್ ಹದ: ಎಲೆಗಳನ್ನು ಬ್ಯಾರನ್ ಎಂಬ ಮುಚ್ಚಿದ ಮನೆಯಲ್ಲಿ ಸಾಲಾಗಿ ತೂಗುಹಾಕಿ, ಒಲೆಯ ಬಿಸಿಯನ್ನು ಲೋಹದ ಕೊಳವೆಗಳ ಮೂಲಕ ಹಾಯಿಸಲಾಗುತ್ತದೆ. ಹೊಗೆ ಎಲೆಗೆ ತಗಲುವುದಿಲ್ಲ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಯಾಗುತ್ತದೆ. ನಂತರ ಶಾಖವನ್ನು ಹಂತ ಹಂತವಾಗಿ ಏರಿಸಿ, ಸುಮಾರು 70 ಡಿಗ್ರಿಯಲ್ಲಿ ನಡುನರವನ್ನು ಒಣಗಿಸಲಾಗುತ್ತದೆ. ಇದಕ್ಕೆ ಐದಾರು ದಿನ ಬೇಕಾಗುತ್ತದೆ. ಹೀಗೆ ಹದಗೊಂಡದ್ದು ವರ್ಜೀನಿಯಾ ತಂಬಾಕು. ಇದರಲ್ಲಿ ಸಕ್ಕರೆಯ ಅಂಶ ಹೆಚ್ಚು.

ನೆರಳಿನ ಹದ: ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಿಸುವ ಕ್ರಮ. ಎಲೆಯ ಸಕ್ಕರೆ ಬಹುಮಟ್ಟಿಗೆ ಕರಗಿಹೋಗುತ್ತದೆ. ಬರ್ಲಿ ತಂಬಾಕು ಈ ಬಗೆಯದು.

ಬಿಸಿಲಿನ ಹದ: ಎಲೆಯನ್ನು ಬಿಸಿಲಿನಲ್ಲಿ ಒಣಗಿಸುವ ಕ್ರಮ. ಬೀಡಿ ತಂಬಾಕು ಹೀಗೆ ಸಿದ್ಧವಾಗುತ್ತದೆ.

ಹೊಗೆಯ ಹದ: ಎಲೆಯ ಕೆಳಗೆ ಕಟ್ಟಿಗೆಯನ್ನು ಹೊಗೆಯಾಡಿಸಿ ಒಣಗಿಸುವ ಕ್ರಮ. ಎಲೆ ಕಡುಗಂದು ಬಣ್ಣಕ್ಕೆ ತಿರುಗಿ ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತದೆ. ಕೆಂಟಕಿ ತಂಬಾಕು ಇದಕ್ಕೆ ಉದಾಹರಣೆ.

ಕರ್ನಾಟಕದಲ್ಲಿ ವರ್ಗೀಕರಣ ಮತ್ತು ಹರಾಜು

ತುಂಗಭದ್ರೆಯ ಕಾಲುವೆ ನೀರಿನ ಹೊಸಪೇಟೆ, ಕಂಪ್ಲಿ ಸೀಮೆ ಭತ್ತ, ಕಬ್ಬು, ಬಾಳೆಗಳಿಗೆ ಹೆಸರಾದುದು. ರಾಜ್ಯದ ವರ್ಜೀನಿಯಾ ತಂಬಾಕು ಬೆಳೆಯುವುದು ದಕ್ಷಿಣದ ಮಳೆಯಾಶ್ರಿತ ಹಗುರ ಮಣ್ಣಿನಲ್ಲಿ: ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮತ್ತು ಹಾಸನ ಜಿಲ್ಲೆಯ ಅರಕಲಗೂಡು ಮೊದಲಾದ ತಾಲ್ಲೂಕುಗಳಲ್ಲಿ. ಮುಂಗಾರಿನ ಆರಂಭದಲ್ಲಿ ಸಸಿಗಳನ್ನು ನಾಟಿ ಮಾಡಲಾಗುತ್ತದೆ. ಹುಣಸೂರಿನಲ್ಲಿ ಈ ಬೆಳೆಗಾಗಿ ಸಂಶೋಧನಾ ಕೇಂದ್ರವಿದೆ. ಇದು 1947ರಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಗೆ ಸೇರಿದ್ದಾಗಿತ್ತು.

1975ರ ಕಾಯಿದೆಯಂತೆ 1976ರ ಜನವರಿ 1ರಂದು ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದಿತು. ಇದರ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿ ಆರಂಭವಾಯಿತು. ನೋಂದಾಯಿತ ಬೆಳೆಗಾರರು ನಿಗದಿಯಾದ ದಿನದಂದು ತಮ್ಮ ಬೇಲ್‌ಗಳನ್ನು ಹರಾಜು ಕೇಂದ್ರಕ್ಕೆ ತರುತ್ತಾರೆ. ತೂಕದ ನಂತರ ಮಂಡಳಿಯ ಸಿಬ್ಬಂದಿ ದರ್ಜೆ ಗುರುತಿಸುತ್ತಾರೆ. ಕಂಪನಿಗಳ ಖರೀದಿದಾರರು ಬೇಲನ್ನು ಪರಿಶೀಲಿಸಿ ಬೆಲೆ ಕೂಗುತ್ತಾರೆ. ಈಗ ಇದು ವಿದ್ಯುನ್ಮಾನ ಹರಾಜಿನ ಮೂಲಕ ನಡೆಯುತ್ತದೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೆಳೆಗಾರನು ಮಾರಾಟವನ್ನು ನಿರಾಕರಿಸಬಹುದು.

ವರ್ಗೀಕರಣದಲ್ಲಿ ಪರಿಶೀಲಿಸುವ ಅಂಶಗಳು:

ಬಣ್ಣ: ನಿಂಬೆಹಳದಿ ಮತ್ತು ಕಿತ್ತಳೆ ಬಣ್ಣದ ಎಲೆಗೆ ಉತ್ತಮ ದರ್ಜೆ ದೊರೆಯುತ್ತದೆ. ಹಸಿರು ಉಳಿದಿದ್ದರೆ ಎಲೆ ಮಾಗುವ ಮೊದಲೇ ಬಿಡಿಸಿದ್ದೆಂದೋ ಹದ ತಪ್ಪಿದ್ದೆಂದೋ ತಿಳಿಯುತ್ತದೆ.

ಮೈ ಮತ್ತು ಮೃದುತ್ವ: ಎಲೆಯ ದಪ್ಪ, ಜಿಗುಟು ಮತ್ತು ಬಾಗುವ ಗುಣವನ್ನು ಬೆರಳುಗಳ ನಡುವೆ ಹಿಡಿದು ನೋಡಲಾಗುತ್ತದೆ.

ತೇವಾಂಶ: ಹೆಚ್ಚು ತೇವವಿರುವ ಬೇಲ್ ಬೂಷ್ಟು ಹಿಡಿಯುತ್ತದೆ, ತೀರ ಒಣಗಿದ್ದು ಪುಡಿಯಾಗುತ್ತದೆ.

ಕಲೆ ಮತ್ತು ಕಲಬೆರಕೆ: ರೋಗದ ಕಲೆ, ಮರಳು, ಪ್ಲಾಸ್ಟಿಕ್ ಎಳೆ, ಹುಲ್ಲು ಮುಂತಾದ ಅನ್ಯವಸ್ತುಗಳಿದ್ದರೆ ದರ್ಜೆ ಇಳಿಯುತ್ತದೆ.

ಮಾರುಕಟ್ಟೆಯ ಮಾತಿನಲ್ಲಿ ಈ ದರ್ಜೆಗಳನ್ನು ಒಟ್ಟಾಗಿ ಬ್ರೈಟ್, ಮೀಡಿಯಂ ಮತ್ತು ಲೋ ಗ್ರೇಡ್ ಎಂದು ಕರೆಯುತ್ತಾರೆ. ಇಡೀ ವರ್ಷದ ದುಡಿಮೆ, ಗೊಬ್ಬರ, ಸೌದೆ ಮತ್ತು ಕೂಲಿಯ ವೆಚ್ಚಗಳು ಮರಳಿ ದೊರೆಯುವುದು ಈ ಪರಿಶೀಲನೆಯ ಫಲವನ್ನು ಅವಲಂಬಿಸಿರುವುದರಿಂದ, ಪರೀಕ್ಷಕನ ಕಣ್ಣಳತೆ ಬೆಳೆಗಾರನ ಮಟ್ಟಿಗೆ ನಿರ್ಣಾಯಕವಾಗಿದೆ.

ಬೀಡಿ ತಂಬಾಕಿಗೆ ಹೆಸರಾದ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮಂಡಳಿಯ ಹರಾಜಿನಂತಹ ವ್ಯವಸ್ಥೆ ಇರಲಿಲ್ಲ. ಬೆಲೆ ಕಟ್ಟುವವರು ವ್ಯಾಪಾರಿಗಳೇ ಆಗಿದ್ದರು. 1981ರಲ್ಲಿ ಶರದ್ ಜೋಶಿ ಅವರ ನಾಯಕತ್ವದಲ್ಲಿ ಅಲ್ಲಿನ ಬೆಳೆಗಾರರು ನ್ಯಾಯಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದು ಚಳವಳಿ ನಡೆಸಿದರು. ಪೊಲೀಸ್ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು.

ರಾಸಾಯನಿಕ ವಿಶ್ಲೇಷಣೆ

ಇಂದ್ರಿಯಗಳಿಂದ ತಿಳಿಯದ ಅಂಶಗಳನ್ನು ಪ್ರಯೋಗಾಲಯದಲ್ಲಿ ಅಳೆಯಲಾಗುತ್ತದೆ. ನಿಕೋಟಿನ್, ಸಕ್ಕರೆ ಮತ್ತು ಕ್ಲೋರೈಡ್‌ಗಳು ಇವುಗಳಲ್ಲಿ ಮುಖ್ಯ. ಸಕ್ಕರೆ ಮತ್ತು ನಿಕೋಟಿನ್‌ಗಳ ಪರಸ್ಪರ ಪ್ರಮಾಣ ಹೊಗೆಯ ಸೌಮ್ಯತೆಯನ್ನೂ ಕಟುತ್ವವನ್ನೂ ಸೂಚಿಸುತ್ತದೆ. ಕ್ಲೋರೈಡ್ ಹೆಚ್ಚಾದರೆ ಎಲೆ ತೇವವನ್ನು ಹೀರಿಕೊಂಡು ಸರಿಯಾಗಿ ಉರಿಯುವುದಿಲ್ಲ. ಈ ಕಾರಣದಿಂದ ಉಪ್ಪುನೀರಿನ ಬಾವಿಗಳಿರುವ ಜಮೀನಿನ ಎಲೆ, ನೋಡಲು ಚೆನ್ನಾಗಿದ್ದರೂ, ಉತ್ತಮವೆನಿಸುವುದಿಲ್ಲ.

ಕಪ್ಪು ಫ್ಲೇಕ್ ತಂಬಾಕು

ಪೈಪಿಗೆಂದು ತಯಾರಿಸುವ ತಂಬಾಕಿನ ಒಂದು ರೂಪ ಫ್ಲೇಕ್. ಎಲೆಗಳನ್ನು ಪದರ ಪದರವಾಗಿ ಜೋಡಿಸಿ, ಭಾರಿ ಒತ್ತಡದಲ್ಲಿ ಅಚ್ಚಿನಂತೆ ಒತ್ತಿ, ಕೆಲಕಾಲ ಮಾಗಲು ಬಿಟ್ಟು, ನಂತರ ತೆಳುವಾದ ಪಟ್ಟಿಗಳಾಗಿ ಕತ್ತರಿಸಲಾಗುತ್ತದೆ. ಒತ್ತುವಾಗ ಹಬೆ ಅಥವಾ ಶಾಖ ಕೊಟ್ಟರೆ ಎಲೆಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಪರಸ್ಪರ ವರ್ತಿಸಿ ಬಣ್ಣ ಕಪ್ಪಾಗುತ್ತದೆ. ರೊಟ್ಟಿ ಬೇಯುವಾಗ ಅದರ ಮೈ ಕೆಂಪಾಗುವುದು ಕೂಡ ಇದೇ ಬಗೆಯ ಕ್ರಿಯೆಯಿಂದ. ಕಪ್ಪು ಫ್ಲೇಕ್‌ಗಳಲ್ಲಿ ಸಾಮಾನ್ಯವಾಗಿ ವರ್ಜೀನಿಯಾ ಎಲೆಯೇ ಪ್ರಧಾನ. ಕೆಲವು ಮಿಶ್ರಣಗಳಿಗೆ ಕೆಂಟಕಿ ಎಲೆಯನ್ನೂ ಅಮೆರಿಕದ ಲೂಯಿಸಿಯಾನದಲ್ಲಿ ಹುಳಿಸಿ ತಯಾರಿಸುವ ಪೆರೀಕ್ ಎಲೆಯನ್ನೂ ಸೇರಿಸುತ್ತಾರೆ.

ಹರಾಜು ಮಾರುಕಟ್ಟೆಯಲ್ಲಿ ಹೊಳಪುಳ್ಳ ಹಳದಿ ಎಲೆಗೆ ಬೆಲೆ ಹೆಚ್ಚಾದರೆ, ಇಲ್ಲಿ ಕಪ್ಪು ಬಣ್ಣ ದೋಷವಲ್ಲ. ಆದರೆ ಬಣ್ಣ ಕಪ್ಪಾದ ಮಾತ್ರಕ್ಕೆ ತಂಬಾಕು ತೀಕ್ಷ್ಣವೆಂದೂ ಹೇಳಲಾಗುವುದಿಲ್ಲ. ಹಬೆಯಿಂದ ಕಪ್ಪಾದ ವರ್ಜೀನಿಯಾ ಸೌಮ್ಯವಾಗಿರಬಹುದು.

ರುಚಿ ಪರೀಕ್ಷೆಯ ಹಂತಗಳು

ಪೈಪ್ ತಂಬಾಕಿನ ಪರೀಕ್ಷಕರು ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

1. ನೋಟ: ಪಟ್ಟಿಗಳ ದಪ್ಪ ಒಂದೇ ಸಮನಾಗಿದೆಯೇ, ನಡುನರದ ತುಂಡುಗಳಿವೆಯೇ, ಬೂಷ್ಟು ಇದೆಯೇ ಎಂದು ನೋಡುವುದು. ಹಳೆಯ ಫ್ಲೇಕ್‌ನ ಮೇಲೆ ಕಾಣುವ ಹೊಳೆಯುವ ಹರಳುಗಳನ್ನು ಬೂಷ್ಟಿನಿಂದ ಬೇರೆಯಾಗಿ ಗುರುತಿಸಬೇಕಾಗುತ್ತದೆ. ಬೂಷ್ಟು ನೂಲಿನಂತಿದ್ದು ಮುಗ್ಗಲು ವಾಸನೆ ಬೀರುತ್ತದೆ.

2. ಹಸಿ ಪರಿಮಳ: ಡಬ್ಬಿ ತೆರೆದೊಡನೆ ಬರುವ ವಾಸನೆಯನ್ನು ಗಮನಿಸುವುದು. ಒಣಹುಲ್ಲು, ಒಣ ಅಂಜೂರ, ಕಾಕಂಬಿ, ಹುಳಿ, ಚರ್ಮ, ಕಟ್ಟಿಗೆಯ ಹೊಗೆ ಮುಂತಾದ ಹೋಲಿಕೆಗಳಿಂದ ಅದನ್ನು ವಿವರಿಸಲಾಗುತ್ತದೆ. ಇದು ಎಲೆಯ ಸಹಜ ಪರಿಮಳವೋ ಮೇಲೆ ಸೇರಿಸಿದ ಸುಗಂಧವೋ ಎಂಬುದನ್ನು ಗುರುತಿಸುವುದು ಮುಖ್ಯ.

3. ತೇವಾಂಶ: ಪಟ್ಟಿಯನ್ನು ಬಾಗಿಸಿ, ಬೆರಳಿನಿಂದ ಉಜ್ಜಿ ಬಿಡಿಸಿ ನೋಡುವುದು. ತೇವ ಹೆಚ್ಚಿದ್ದರೆ ಬಿಸಿ ಆವಿಯಿಂದ ನಾಲಿಗೆ ಸುಡುತ್ತದೆ, ರುಚಿಯೂ ಮಸುಕಾಗುತ್ತದೆ.

4. ಉರಿಯುವ ಗುಣ: ಬೆಂಕಿ ಸಮನಾಗಿ ಹರಡುತ್ತದೆಯೇ, ಪದೇ ಪದೇ ಆರುತ್ತದೆಯೇ, ಉಳಿಯುವ ಬೂದಿ ಹೇಗಿದೆ ಎಂಬುದರ ಪರಿಶೀಲನೆ.

5. ರುಚಿಯ ಬದಲಾವಣೆ: ಆರಂಭ, ನಡು ಮತ್ತು ಕೊನೆಯ ಭಾಗಗಳಲ್ಲಿ ರುಚಿ ಹೇಗೆ ಬದಲಾಗುತ್ತದೆ ಎಂಬುದರ ದಾಖಲೆ. ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ಮೂಗಿನ ಗ್ರಹಿಕೆಯೇ ಆಗಿದೆ.

ಹಿಂದೆ ಸೇದಿದ ಸುಗಂಧಿತ ತಂಬಾಕಿನ ವಾಸನೆ ಪೈಪಿನಲ್ಲಿ ಉಳಿದಿದ್ದರೆ ಫಲಿತಾಂಶ ಕೆಡುವುದರಿಂದ, ಹೋಲಿಕೆಗೆ ಸ್ವಚ್ಛವಾದ ಪೈಪನ್ನೇ ಬಳಸಲಾಗುತ್ತದೆ.

ವಿಮರ್ಶೆಯಲ್ಲಿ ‘ತೀಕ್ಷ್ಣತೆ’ ಮತ್ತು ‘ಮೈ’ ಎಂಬ ಎರಡು ಗುಣಗಳನ್ನು ಬೇರೆಬೇರೆಯಾಗಿ ಹೇಳುವುದು ವಾಡಿಕೆ. ತೀಕ್ಷ್ಣತೆ ಎಂದರೆ ನಿಕೋಟಿನ್‌ನ ಪರಿಣಾಮ; ಮೈ ಎಂದರೆ ಬಾಯಿಯಲ್ಲಿ ಹೊಗೆಯ ತುಂಬಿಕೆ ಮತ್ತು ರುಚಿಯ ಸಾಂದ್ರತೆ.

ಪರೀಕ್ಷೆಯ ಮಿತಿಗಳು

ಇಂದ್ರಿಯಗಳ ತೀರ್ಪು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಬೆಳಕು, ಎಲೆಯ ತೇವ, ಪರೀಕ್ಷಕನ ಆಯಾಸ ಮತ್ತು ಹಿಂದಿನ ಮಾದರಿಯ ನೆನಪು ಅದರ ಮೇಲೆ ಪ್ರಭಾವ ಬೀರುತ್ತವೆ. ಧೂಮಪಾನ ರೂಢಿಯಾದವರಲ್ಲಿ ರುಚಿ ಮತ್ತು ವಾಸನೆಗಳ ಗ್ರಹಣಶಕ್ತಿಯೇ ಕುಗ್ಗುತ್ತದೆ. ನಿಕೋಟಿನ್ ಚಟವಿರುವವನಿಗೆ ತಂಬಾಕು ನೀಡುವ ತೃಪ್ತಿಯಲ್ಲಿ ಎಷ್ಟು ಪಾಲು ರುಚಿಯದು, ಎಷ್ಟು ಪಾಲು ಚಟದ ಶಮನದ್ದು ಎಂದು ಬೇರ್ಪಡಿಸುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾಗಿ, ಸೌಮ್ಯವಾದ ಹೊಗೆ ಸುರಕ್ಷಿತವಾದ ಹೊಗೆಯಲ್ಲ. ಎಲೆ ಹದಗೊಳ್ಳುವಾಗ ಉಂಟಾಗುವ ನೈಟ್ರೋಸಮೈನ್‌ಗಳಿಗೂ ಉರಿಯುವಾಗ ಉಂಟಾಗುವ ಬೆಂಜೋಪೈರೀನ್, ಕಾರ್ಬನ್ ಮಾನಾಕ್ಸೈಡ್‌ಗಳಿಗೂ ರುಚಿ ಪರೀಕ್ಷೆಯಲ್ಲಿ ಅಂಕಗಳಿಲ್ಲ. ಪೈಪಿನ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳದಿದ್ದರೂ ಬಾಯಿಯ ಒಳಪೊರೆಯ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಪೈಪ್ ಸೇದುವವರಲ್ಲಿ ತುಟಿ, ಬಾಯಿ, ಗಂಟಲು, ಅನ್ನನಾಳ ಮತ್ತು ಶ್ವಾಸಕೋಶಗಳ ಕ್ಯಾನ್ಸರಿನ ಅಪಾಯ ಹೆಚ್ಚು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿನ ಧೂಮಪಾನವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರಿಗೂ ಕೂಲಿಗಾರರಿಗೂ ಅಪಾಯವಿದೆ: ಒದ್ದೆಯಾದ ಹಸಿ ಎಲೆಯನ್ನು ಬಿಡಿಸುವಾಗ ಚರ್ಮದ ಮೂಲಕ ನಿಕೋಟಿನ್ ಸೇರಿ ತಲೆಸುತ್ತು, ವಾಂತಿ ಉಂಟಾಗುತ್ತವೆ.

ಕಾನೂನು ಮತ್ತು ನಿಯಂತ್ರಣ

ಭಾರತದಲ್ಲಿ 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ ಪೈಪ್ ತಂಬಾಕಿಗೂ ಅನ್ವಯಿಸುತ್ತದೆ. ಅದು ಜಾಹೀರಾತನ್ನೂ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗಿನ ಮಾರಾಟವನ್ನೂ ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಪರಿಷ್ಕೃತ ನಿಯಮಗಳು ಜಾರಿಯಲ್ಲಿವೆ. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಇದಕ್ಕೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು.

2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 28.6ರಷ್ಟು, ಕರ್ನಾಟಕದಲ್ಲಿ ಶೇ. 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಭಾರತವು 2004ರಲ್ಲಿ ಅಂಗೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವು, ಬಳಕೆಯನ್ನು ತಗ್ಗಿಸುವುದರ ಜೊತೆಗೆ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕೆಂದೂ ಹೇಳುತ್ತದೆ. ಹುಣಸೂರು, ಪಿರಿಯಾಪಟ್ಟಣ ಭಾಗದ ಮಳೆಯಾಶ್ರಿತ ರೈತರಿಗೆ ಖಚಿತ ಮಾರುಕಟ್ಟೆಯುಳ್ಳ ಬೇರೆ ಬೆಳೆ ದೊರೆಯುವುದು ಈ ಪರಿವರ್ತನೆಯ ಪ್ರಮುಖ ಸವಾಲಾಗಿದೆ. ತಂಬಾಕು ಬಿಡಲು ಬಯಸುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ.