ಹಲ್ಲಿನ ಕಿಟ್ಟವೆಂಬ ದಾಖಲೆ: ಔಷಧನಿರೋಧದ ಚರಿತ್ರೆಯೂ ಗಡಿಯ ಐದು ತಾಲೂಕುಗಳೂ

ಚರಿತ್ರೆಯ ಆಧಾರಗಳೆಂದರೆ ಶಾಸನ, ನಾಣ್ಯ, ಕಡತಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮನುಷ್ಯನ ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂಡುವ ಕಿಟ್ಟವೂ ಅಂಥದೊಂದು ಆಧಾರವೆಂಬುದು ಈಚಿನ ಸಂಶೋಧನೆಗಳಿಂದ ಸಿದ್ಧವಾಗಿದೆ. ಬಾಯಿಯಲ್ಲಿ ನೆಲಸುವ ಬ್ಯಾಕ್ಟೀರಿಯಗಳಲ್ಲಿ ೭೦೦ಕ್ಕೂ ಮಿಕ್ಕಿ ಜಾತಿಗಳನ್ನು ಗುರುತಿಸಲಾಗಿದೆ. ಆಂಟಿಬಯೋಟಿಕ್ ಔಷಧಗಳನ್ನು ಎದುರಿಸಿ ಬದುಕುವ ಗುಣ ಇವಕ್ಕೆ ಎಲ್ಲಿಂದ ಬಂದಿತು, ಎಂದಿನಿಂದ ಬೆಳೆಯಿತು ಎಂಬುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಈ ಗುಣವು ಔಷಧದಿಂದಲೇ ಹುಟ್ಟಿತೆಂಬ ನಂಬಿಕೆ ಸರಿಯಲ್ಲ. ಫ್ಲೆಮಿಂಗನು ೧೯೨೮ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದನು. ಅದು ಇನ್ನೂ ರೋಗಿಗಳ ಬಳಕೆಗೆ ಬಾರದಿದ್ದ ೧೯೪೦ರಲ್ಲಿಯೇ, ಅದನ್ನು ನಾಶಮಾಡುವ ಕಿಣ್ವವು ಬ್ಯಾಕ್ಟೀರಿಯದಲ್ಲಿ ಉಂಟೆಂದು ಎಬ್ರಹಾಂ ಮತ್ತು ಚೇನ್ ತೋರಿಸಿದರು. ಕೆನಡಾದ ಯೂಕಾನ್ ಪ್ರಾಂತದಲ್ಲಿ ೩೦,೦೦೦ ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ನಿರೋಧದ ಜೀನುಗಳು ದೊರೆತ ಸಂಗತಿ ೨೦೧೧ರಲ್ಲಿ ಪ್ರಕಟವಾಯಿತು. ಜರ್ಮನಿಯ ಡಾಲ್‌ಹೈಮಿನಲ್ಲಿ ಸುಮಾರು ಕ್ರಿ. ಶ. ೯೫೦ರಿಂದ ೧೨೦೦ರ ನಡುವೆ ಬಾಳಿದವರ ಹಲ್ಲಿನ ಕಿಟ್ಟದಲ್ಲಿಯೂ ಅಂಥ ಜೀನುಗಳನ್ನು ಹೋಲುವವು ಇದ್ದುವೆಂದು ೨೦೧೪ರಲ್ಲಿ ತಿಳಿದುಬಂದಿತು. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲವದು. ಆದುದರಿಂದ ಬೀಜವು ಪುರಾತನವಾದುದು. ಅದಕ್ಕೆ ನೀರೆರೆದವರು ಮಾತ್ರ ನಾವು.

ಈ ಜೀನುಗಳು ಒಂದೇ ಜಾತಿಯಲ್ಲಿ ಅಡಗಿ ಕೂರುವುದಿಲ್ಲ. ಹಲವು ಔಷಧಗಳನ್ನು ಎದುರಿಸುವ ಗುಣವು ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ಸಂಪರ್ಕಮಾತ್ರದಿಂದ ದಾಟಬಲ್ಲದೆಂದು ಜಪಾನಿನ ವಿಜ್ಞಾನಿಗಳು ೧೯೫೯ರಲ್ಲಿ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಕಂಡರು. ಬಾಯಿಯಲ್ಲಿಯೂ ಹೀಗೆಯೇ. ಹಲ್ಲಿನ ಪಾಚಿಯಲ್ಲಿ ಒತ್ತೊತ್ತಾಗಿ ಬಾಳುವ ಜೀವಿಗಳು ಟೆಟ್ರಾಸೈಕ್ಲಿನ್ ಮೊದಲಾದವುಗಳ ನಿರೋಧವನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ಬಾಯಿಯ ನಿರುಪದ್ರವಿ ಸ್ಟ್ರೆಪ್ಟೊಕಾಕಸ್ ಮೈಟಿಸ್‌ನ ಜೀನಿನ ತುಣುಕುಗಳನ್ನು ಪಡೆದು ನ್ಯುಮೋನಿಯಾ ತರುವ ಬ್ಯಾಕ್ಟೀರಿಯವು ಪೆನಿಸಿಲಿನ್ನಿಗೆ ಜಗ್ಗದಂತಾದುದು ಇದಕ್ಕೆ ಪ್ರಸಿದ್ಧ ನಿದರ್ಶನ. ಹೀಗೆ ಬಾಯಿಯು ನಿರೋಧದ ಕಣಜವಾಗುತ್ತದೆ. ಅಲ್ಲಿ ಕೂಡಿಟ್ಟುದು ಶ್ವಾಸಕೋಶದ ರೋಗಕ್ಕೆ ಒದಗಬಹುದು.

ಈಗ ನಮ್ಮ ಪ್ರದೇಶಕ್ಕೆ ಬರೋಣ. ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯನ್ನು ೧೯೫೪ರಲ್ಲಿ ಸ್ಥಾಪಿಸಿತು. ೧೯೫೫ರಲ್ಲಿ ಪೆನಿಸಿಲಿನ್ ಉತ್ಪಾದನೆ ತೊಡಗಿತು. ಆಗ ಈ ಭಾಗವೆಲ್ಲವೂ ಮುಂಬಯಿ ರಾಜ್ಯದಲ್ಲಿತ್ತು. ೧೯೪೯ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವೂ ಅದರಲ್ಲಿ ವಿಲೀನವಾಗಿತ್ತು. ೧೯೫೬ರ ನವೆಂಬರ್ ೧ರಂದು ಇವು ಮೈಸೂರು ರಾಜ್ಯಕ್ಕೆ ಬಂದುವು. ರಾಜ್ಯದ ಗಡಿ ಬದಲಾದ ದಶಕವೂ ಪೆನಿಸಿಲಿನ್ ದೇಶದಲ್ಲಿಯೇ ತಯಾರಾಗತೊಡಗಿದ ದಶಕವೂ ಒಂದೇ. ಆದರೆ ಸೂಕ್ಷ್ಮಜೀವಿಗಳು ಗಡಿಯನ್ನರಿಯವು. ಇಲ್ಲಿಯ ಜನ ಸಂತೆಗೂ ದವಾಖಾನೆಗೂ ಮಿರಜ, ಸಾಂಗಲಿ, ಕೊಲ್ಹಾಪುರಗಳಿಗೆ ಹೋಗಿಬರುತ್ತಾರೆ. ಬಾಯಿಯ ಬ್ಯಾಕ್ಟೀರಿಯಗಳು ತಾಯಿಯಿಂದ ಮಗುವಿಗೂ ಮನೆಯವರಲ್ಲಿ ಪರಸ್ಪರರಿಗೂ ಹರಡುತ್ತವೆ.

ನಿಪ್ಪಾಣಿಯ ಸುತ್ತಿನ ನೆಲ ತಂಬಾಕಿಗೆ ಹೆಸರಾದುದು. ತಂಬಾಕು ವಸಡಿನ ರೋಗವನ್ನು ಹೆಚ್ಚಿಸುತ್ತದೆಂಬುದು ನಿರ್ವಿವಾದ. ಹಲ್ಲುಬೇನೆ ಬಂದಾಗ ಔಷಧದಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿ, ನೋವು ತಗ್ಗಿದೊಡನೆ ಬಿಡುವ ರೂಢಿ ನಮ್ಮ ನಾಡಿನಲ್ಲಿ ಎಲ್ಲೆಡೆ ಉಂಟು. ಹುಳುಕಿನಿಂದ ಹಲ್ಲಿನ ಒಳತಿರುಳು ಬಾತು ನೋಯುವಾಗ ಆಂಟಿಬಯೋಟಿಕ್ ಅದನ್ನು ಗುಣಪಡಿಸದು. ದಂತವೈದ್ಯನ ಕೈಕೆಲಸವೇ ಅದಕ್ಕೆ ಮದ್ದು. ಗುಳಿಗೆಯಿಂದ ಸಾಯುವವು ದುರ್ಬಲವಾದುವು. ಉಳಿದು ಬೆಳೆಯುವವು ನಿರೋಧವುಳ್ಳವು. ಸಾಲದ ಪ್ರಮಾಣದಲ್ಲಿ ಔಷಧ ಸೇವಿಸುವುದರ ಅಪಾಯವನ್ನು ಫ್ಲೆಮಿಂಗನು ೧೯೪೫ರ ತನ್ನ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದನು. ೨೦೧೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಎಚ್-೧ ಅನುಸೂಚಿಯಂತೆ ಹಲವು ಪ್ರಬಲ ಔಷಧಗಳ ಮಾರಾಟವನ್ನು ಬೇರೆ ದಫ್ತರದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಮುಂದಿನ ಚರಿತ್ರಕಾರನಿಗೆ ಆ ದಫ್ತರವೂ ಒಂದು ದಾಖಲೆಯೇ.

ಇದರಿಂದ ಎರಡು ಕರ್ತವ್ಯಗಳು ಫಲಿಸುತ್ತವೆಂದು ನಮಗೆ ತೋರುತ್ತದೆ. ಉತ್ಖನನದಲ್ಲಿ ದೊರೆತ ಹಲ್ಲುಗಳ ಕಿಟ್ಟವನ್ನು ಕೊಳೆಯೆಂದು ಕೆರೆದು ತೊಳೆಯದೆ ಸಂರಕ್ಷಿಸುವುದು ಚರಿತ್ರೆಯ ಅಧ್ಯಾಪಕರ ಕೆಲಸ. ವೈದ್ಯರ ಚೀಟಿಯಿಲ್ಲದ ಗುಳಿಗೆ ಇಂದಿನ ನೋವನ್ನು ಮರೆಸಿದರೂ ನಾಳಿನ ಮಗುವಿನ ಮದ್ದನ್ನು ಕೆಡಿಸಬಲ್ಲದೆಂದು ತಮ್ಮ ಊರಿನಲ್ಲಿ ತಿಳಿಸಿ ಹೇಳುವುದು ವಿದ್ಯಾರ್ಥಿಗಳ ಕೆಲಸ.