ಅಗಲಿಕೆ: ಒಂದು ಶಬ್ದ, ಒಂದು ಸೀಮೆ

ಅಗಲಿಕೆಯೆಂಬುದು 'ಅಗಲ್' ಎಂಬ ದ್ರಾವಿಡ ಧಾತುವಿನಿಂದ ಬಂದ ಶಬ್ದ. ಬಟ್ಟೆಯ ಅಗಲ, ಹೊಳೆಯ ಅಗಲ ಎಂಬಲ್ಲಿರುವುದೂ ಇದೇ ಧಾತು. ತಮಿಳಿನಲ್ಲಿ ಅದಕ್ಕೆ ವಿಸ್ತರಿಸು, ದೂರವಾಗು ಎಂಬೆರಡು ಅರ್ಥಗಳೂ ಉಂಟು. ಮಲಯಾಳದ 'ಅಕಲಂ' ದೂರವೆಂದೇ. ವಿಯೋಗದಲ್ಲಿ ಕೂಡಿದುದು ಕಳಚುತ್ತದೆ. ಅಗಲಿಕೆಯಲ್ಲಿ ನಡುವಣ ಎಡೆ ಹಿಗ್ಗುತ್ತದೆ, ಕೂಡುವ ಆಸೆ ಉಳಿಯುತ್ತದೆ. ಸದಾ ಕೂಡಿರುವುದಕ್ಕಿಂತ ತುಸು ದೂರವಾಗಿ ಮತ್ತೆ ಕೂಡುವ ಸುಖವೇ ಮೇಲೆಂದು ಅಕ್ಕಮಹಾದೇವಿಯು ಕೆಳದಿಗೆ ಹೇಳುವಾಗ ಬಳಸಿದುದು ಈ ಧಾತುವನ್ನೇ. ಇದನ್ನು ಬರಿಯ 'ವಿರಹ'ವೆಂದು ಅರ್ಥೈಸಿದರೆ ಅರ್ಧ ಸ್ವಾರಸ್ಯ ಕೆಟ್ಟಂತೆ.

ಇಂತಹ ಅಗಲಿಕೆಯನ್ನು ಒಂದು ಸೀಮೆಯೇ ಅನುಭವಿಸಿದುದುಂಟು. ಅಮರ ಸುಳ್ಯ ಹಾಗೂ ಪುತ್ತೂರು ಮಾಗಣೆಗಳು ವೀರಶೈವರಾದ ಹಾಲೇರಿ ಅರಸರ ಕೊಡಗಿಗೆ ಸೇರಿದ್ದವು. 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿತು. ಘಟ್ಟದ ಕೆಳಗಣ ಈ ನೆಲವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. 1837ರಲ್ಲಿ ರೈತರು ದಂಗೆಯೆದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು, ಮಂಗಳೂರನ್ನೂ ಹಿಡಿದರು. ಜನರ ಬಾಯಲ್ಲಿ ಇದು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಕೊಳ್ಳೆ. ಬರಿಯ ಕೊಳ್ಳೆಯಾಗಿದ್ದರೆ ಅರಸುಮನೆತನದ ಹೆಸರೇಕೆ ಬೇಕಿತ್ತು? ಹಾಲೇರಿ ವಂಶದವನೆನಿಸಿದ ಕಲ್ಯಾಣಸ್ವಾಮಿಯ ಹೆಸರನ್ನು ಪುಟ್ಟಬಸಪ್ಪನು ಧರಿಸಿದನು. ಜನ ಆ ಹೆಸರಿನ ಹಿಂದೆ ನಡೆದರು. ಕಂದಾಯದ ಸಂಕಟದೊಡನೆ, ಅಗಲಿದ ಅರಸುಮನೆಯನ್ನು ಮರಳಿ ಕೂಡುವ ಹಂಬಲವೂ ಅಲ್ಲಿತ್ತೆನ್ನಬೇಕು.

ಪುಟ್ಟಬಸಪ್ಪನು ಮಂಗಳೂರಿನಲ್ಲಿ ಗಲ್ಲಿಗೇರಿದನು. ಸೀಮೆ ಕೊಡಗಿಗೆ ಮರಳಲಿಲ್ಲ. ಮುಂದೆ ಪುತ್ತೂರಿನಿಂದ ಸುಳ್ಯ, ಇವೆರಡರ ಗ್ರಾಮಗಳಿಂದ ಕಡಬ ಪ್ರತ್ಯೇಕ ತಾಲೂಕುಗಳಾದವು. ಅದನ್ನು ವಿಭಜನೆ ಎನ್ನುತ್ತಾರೆ, ಅಗಲಿಕೆ ಎನ್ನುವವರಿಲ್ಲ.