ಓಮ್‌ನಿಂದ ವಾಟ್‌ನವರೆಗೆ

ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. 230 ವೋಲ್ಟ್‌ನ ಮನೆ ಲೈನಿಗೆ 2000 ವಾಟ್‌ನ ಗೀಸರ್ ಹಾಕಿದರೆ ಸುಮಾರು 8.7 ಆಂಪಿಯರ್ ಹರಿಯುತ್ತದೆ, ಕಾಯಿಲ್‌ನ ರೋಧ 26.5 ಓಮ್ ಆಸುಪಾಸು ಎಂದು ಹತ್ತನೇ ತರಗತಿಯ ಹುಡುಗಿ ಅರೆ ನಿಮಿಷದಲ್ಲಿ ಹೇಳಿಬಿಡುತ್ತಾಳೆ. ಇಲ್ಲಿ ಗಣಿತ ಎಂದೂ ಕಷ್ಟದ್ದಾಗಿರಲಿಲ್ಲ. ಲೆಕ್ಕಕ್ಕೆ ಬೇಕಾದ ಆ ಎರಡು ಅಂಕಿಗಳನ್ನು ನಂಬುವ ಹಾಗೆ ಅಳೆಯುವುದೇ ಕಷ್ಟವಾಗಿತ್ತು.

ವೋಲ್ಟಾನ ಬ್ಯಾಟರಿ ಬಂದದ್ದು 1800ರಲ್ಲಿ. ಅದಕ್ಕೂ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ತನ್ನ ಮೈಗೇ ಶಾಕ್ ಹೊಡೆಸಿಕೊಂಡು, ಅದರ ಪೆಟ್ಟು ಎಷ್ಟು ಜೋರು ಎಂಬುದರಿಂದ ಬೇರೆ ಬೇರೆ ವಸ್ತುಗಳ ರೋಧವನ್ನು ಹೋಲಿಸಿ ನೋಡಿದ್ದ. ಅವನ ಟಿಪ್ಪಣಿಗಳು ಪೆಟ್ಟಿಗೆಯಲ್ಲೇ ಉಳಿದು, ಮ್ಯಾಕ್ಸ್‌ವೆಲ್ ಸಂಪಾದಿಸಿ 1879ರಲ್ಲಿ ಪ್ರಕಟಿಸುವವರೆಗೆ ಲೋಕಕ್ಕೆ ಗೊತ್ತೇ ಆಗಲಿಲ್ಲ. ಪ್ರವಾಹವನ್ನು ಮೈಯಿಂದಲ್ಲದೆ ಉಪಕರಣದಿಂದ ಅಳೆಯುವ ದಾರಿ ತೆರೆದದ್ದು 1820ರಲ್ಲಿ, ವಿದ್ಯುತ್ ಹರಿಯುವ ತಂತಿಯ ಪಕ್ಕ ಅಯಸ್ಕಾಂತದ ಸೂಜಿ ತಿರುಗುವುದನ್ನು ಅರ್ಸ್ಟೆಡ್ ಕಂಡಾಗ.

ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದ ಗಿಯೊರ್ಗ್ ಸೈಮನ್ ಓಮ್ ಈ ಸೂಜಿಯನ್ನೇ ಹಿಡಿದು ಹೊರಟರು. 1825ರಲ್ಲಿ ಅವರು ಮೊದಲು ಪ್ರಕಟಿಸಿದ ಸೂತ್ರದಲ್ಲಿ ಲಾಗರಿದಮ್ ಇತ್ತು, ಅದು ತಪ್ಪಾಗಿತ್ತು. ಬ್ಯಾಟರಿಯಿಂದ ಕರೆಂಟು ಎಳೆದಷ್ಟೂ ಅದರ ಶಕ್ತಿ ಕುಂದುತ್ತಿದ್ದದ್ದೇ ಮುಖ್ಯ ತೊಡಕು. ಬ್ಯಾಟರಿ ಬಿಟ್ಟು ಉಷ್ಣಯುಗ್ಮ ಬಳಸುವಂತೆ ಅವರಿಗೆ ಸಲಹೆ ಕೊಟ್ಟವರು ಭೌತವಿಜ್ಞಾನಿ ಪೊಗೆಂಡಾರ್ಫ್. ಬಿಸ್ಮತ್ ಮತ್ತು ತಾಮ್ರ ಕೂಡುವ ಎರಡು ಜಾಗಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟರೆ ಉಷ್ಣತೆಯ ಅಂತರ ಕದಲುವುದಿಲ್ಲ, ಹಾಗಾಗಿ ವೋಲ್ಟೇಜೂ ಕದಲುವುದಿಲ್ಲ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಸರದಿಯ ಮೇಲೆ ಜೋಡಿಸಿ, ಸೂಜಿಯನ್ನು ಸ್ವಸ್ಥಾನಕ್ಕೆ ತರಲು ಅದನ್ನು ತೂಗುಹಾಕಿದ್ದ ಎಳೆಯನ್ನು ಎಷ್ಟು ತಿರುಚಬೇಕಾಯಿತು ಎಂಬುದನ್ನು ಓಮ್ ಗುರುತು ಹಾಕಿಕೊಂಡರು. 1826ರಲ್ಲಿ ಸಿಕ್ಕ ಸೂತ್ರದ ಭಾಜಕದಲ್ಲಿ ಎರಡು ಪದಗಳಿದ್ದವು: ಪರೀಕ್ಷೆಗೆ ಇಟ್ಟ ತಂತಿಯ ಉದ್ದ, ಜೊತೆಗೆ ಮಂಡಲದ ಉಳಿದ ಭಾಗಕ್ಕೆ ಸೇರಿದ ಒಂದು ಸ್ಥಿರಾಂಕ. ಆಕರದ ಒಳಗೂ ರೋಧ ಇರುತ್ತದೆ ಎಂಬ ಮಾತು ಆ ಸ್ಥಿರಾಂಕದಲ್ಲಿದೆ. ಶಾಲೆಯ ಪಠ್ಯದಲ್ಲಿ V = IR ಎಂದಷ್ಟೇ ಕಲಿಸಿ ಇದನ್ನು ಹಿಂದೆ ಸರಿಸುವುದು ನನಗೆ ದೊಡ್ಡ ನಷ್ಟವೆನಿಸುತ್ತದೆ. 1827ರ ಓಮ್ ಪುಸ್ತಕಕ್ಕೆ ತಾಯ್ನಾಡಿನಲ್ಲಿ ತಕ್ಕ ಮನ್ನಣೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲೆ ಪದಕ ಕೊಟ್ಟದ್ದು 1841ರಲ್ಲಿ.

ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಬಳಿಯ ಮದ್ಯ ತಯಾರಕರ ಮನೆಯ ಹುಡುಗ ಜೇಮ್ಸ್ ಜೂಲ್ ನೀರಿನಲ್ಲಿ ತಂತಿಯ ಸುರುಳಿ ಮುಳುಗಿಸಿ, ಥರ್ಮಾಮೀಟರ್ ಹಿಡಿದು ಕೂತಿದ್ದ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂದು ಅವನು ತೋರಿಸಿದ. ರಷ್ಯಾದಲ್ಲಿ ಲೆಂಜ್ ಕೂಡ ಸ್ವತಂತ್ರವಾಗಿ ಇದೇ ನಿಯಮಕ್ಕೆ ಬಂದರು. ರೋಧದ ಲೆಕ್ಕದ ಜೊತೆಗೆ ಸಾಮರ್ಥ್ಯದ ಲೆಕ್ಕವೂ ಹೀಗೆ ಕೂಡಿಕೊಂಡಿತು.

ಆದರೆ ಒಬ್ಬನ ಅಂಕಿ ಇನ್ನೊಬ್ಬನಿಗೆ ಉಪಯೋಗಕ್ಕೆ ಬರಲು ಮಾನ ಒಂದೇ ಆಗಿರಬೇಕು. 1858ರ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋದಾಗ ಈ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಒತ್ತಾಯದಿಂದ 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಮಾನ ಗೊತ್ತುಪಡಿಸಲು ಒಂದು ಸಮಿತಿ ಮಾಡಿತು. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್‌ಗಳನ್ನು ಒಪ್ಪಿತು, ಮರುವರ್ಷ ವಿಲಿಯಂ ಸೀಮೆನ್ಸ್ ವಾಟ್ ಎಂಬ ಹೆಸರು ಸೂಚಿಸಿದರು. 1908ರಲ್ಲಿ ಓಮ್ ಎಂದರೆ ಸೊನ್ನೆ ಡಿಗ್ರಿಯಲ್ಲಿ 106.3 ಸೆಂ.ಮೀ. ಉದ್ದದ, 14.4521 ಗ್ರಾಂ ತೂಕದ ಪಾದರಸದ ಕಂಬದ ರೋಧ. ಈಗ ಅದು ಪಾದರಸವನ್ನು ಬಿಟ್ಟಿದೆ. 1980ರಲ್ಲಿ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಮ್ ಹಾಲ್ ಪರಿಣಾಮದಲ್ಲಿ ರೋಧ ತಾನಾಗಿಯೇ 25,812.807 ಓಮ್‌ಗೆ, ಅಥವಾ ಅದನ್ನು ಪೂರ್ಣಾಂಕಗಳಿಂದ ಭಾಗಿಸಿದ ಮೌಲ್ಯಗಳಿಗೆ ಬಂದು ನಿಲ್ಲುತ್ತದೆ. 2019ರ ಮೇ 20ರಿಂದ ಓಮ್‌ನ ಬುಡದಲ್ಲಿರುವುದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶ.

ಈ ಸೂತ್ರಗಳು ದುಡ್ಡಿನ ಲೆಕ್ಕವಾದದ್ದು ಎಡಿಸನ್ ಕೈಯಲ್ಲಿ. ರೋಧ ಕಡಿಮೆ ಇರುವ ದೀಪಕ್ಕೆ ಹೆಚ್ಚು ಕರೆಂಟು ಬೇಕು, ಹೆಚ್ಚು ಕರೆಂಟಿಗೆ ದಪ್ಪ ತಾಮ್ರ ಬೇಕು. ಬೀದಿಯುದ್ದಕ್ಕೂ ಅಷ್ಟು ತಾಮ್ರ ಹೂತರೆ ಕಂಪನಿ ಮುಳುಗುತ್ತದೆ. ಅದಕ್ಕೇ ಅವರು 1879ರ ಸುಮಾರಿಗೆ ನೂರು ಓಮ್ ಆಸುಪಾಸಿನ ತೆಳು ಫಿಲಮೆಂಟಿನ ಬೆನ್ನು ಹತ್ತಿದರು.

ಇದೇ ಲೆಕ್ಕ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದದ್ದು ನಮ್ಮ ಶಿವನಸಮುದ್ರದಲ್ಲಿ. ದಿವಾನ ಶೇಷಾದ್ರಿ ಅಯ್ಯರ್ ಬೆಂಬಲಿಸಿದ ಆ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಸಾಗಿಸಿತು. ಅಷ್ಟುದ್ದದ ತಂತಿಯ ರೋಧವನ್ನು ಯಾರೂ ಇಲ್ಲವಾಗಿಸಲಾರರು, ಹಾಗಾಗಿ ಪ್ರವಾಹವನ್ನೇ ಇಳಿಸಬೇಕು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಹತ್ತನೇ ಒಂದಾಗುತ್ತದೆ, ಜೂಲ್ ನಿಯಮದಂತೆ ದಾರಿಯಲ್ಲಿ ಪೋಲಾಗುವುದು ನೂರನೇ ಒಂದಕ್ಕೆ ಇಳಿಯುತ್ತದೆ.

ಸೂತ್ರ ಎಡವುವ ಜಾಗಗಳೂ ಇವೆ. 60 ವಾಟ್‌ನ ಹಳೇ ಬಲ್ಬಿಗೆ 230 ವೋಲ್ಟ್ ಲೆಕ್ಕ ಹಾಕಿದರೆ ರೋಧ ಸುಮಾರು 880 ಓಮ್. ಆರಿದ ಬಲ್ಬಿಗೆ ಮಲ್ಟಿಮೀಟರ್ ಹಚ್ಚಿದರೆ ಅದರ ಹತ್ತನೇ ಒಂದು ಭಾಗವೂ ಕಾಣುವುದಿಲ್ಲ. ಮೀಟರೂ ಸರಿ, ಲೆಕ್ಕವೂ ಸರಿ. ಟಂಗ್‌ಸ್ಟನ್ ಕಾದಂತೆ ರೋಧ ಏರುತ್ತದೆ. ಸ್ವಿಚ್ ಹಾಕಿದ ಗಳಿಗೆಯಲ್ಲಿ ತಣ್ಣಗಿನ ಫಿಲಮೆಂಟಿಗೆ ಹತ್ತು ಪಟ್ಟಿಗೂ ಮಿಕ್ಕಿ ಕರೆಂಟು ನುಗ್ಗುವುದರಿಂದಲೇ ಬಲ್ಬುಗಳು ಹೆಚ್ಚಾಗಿ ಆಗಲೇ ಹೋಗುತ್ತಿದ್ದವು.

ಪರ್ಯಾಯ ಪ್ರವಾಹ ತಂದ ತೊಡಕು ಇದಕ್ಕಿಂತ ಆಳದ್ದು. ಮೋಟಾರಿನಲ್ಲಿ ಕರೆಂಟಿನ ಏರಿಳಿತ ವೋಲ್ಟೇಜಿನ ಏರಿಳಿತಕ್ಕಿಂತ ಹಿಂದೆ ಬೀಳುತ್ತದೆ. ಇಂಥ ಮಂಡಲ ಪ್ರವಾಹಕ್ಕೆ ಒಡ್ಡುವ ಒಟ್ಟು ತಡೆಗೆ ಹೆವಿಸೈಡ್ 1886ರಲ್ಲಿ ಇಂಪೀಡೆನ್ಸ್ ಎಂಬ ಪದ ಕೊಟ್ಟರು. 1893ರಲ್ಲಿ ಸ್ಟೈನ್‌ಮೆಟ್ಜ್ ಸಂಕೀರ್ಣ ಸಂಖ್ಯೆಗಳಿಂದ ಲೆಕ್ಕವನ್ನು ಮತ್ತೆ ಸರಳ ಗುಣಾಕಾರ ಭಾಗಾಕಾರದ ಮಟ್ಟಕ್ಕೆ ತಂದರು. ಇವತ್ತಿನ ಎಲ್‌ಇಡಿ ಬಲ್ಬಿನಲ್ಲೂ ಇಂಥದೇ ತೊಡಕಿದೆ: 9 ವಾಟ್‌ನ ಬಲ್ಬಿನ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧದಲ್ಲಿ ನಿಜವಾಗಿ ವಾಟ್ ಆಗುವ ಪಾಲು, 0.5 ಇದ್ದರೆ ಹರಿಯುವ ಕರೆಂಟು 0.078 ಆಂಪಿಯರ್. ಅದನ್ನು 230ರಿಂದ ನೇರ ಗುಣಿಸಿದರೆ 18 ಬರುತ್ತದೆ, ಆದರೆ ಅದು ವಾಟ್ ಆಗುವುದಿಲ್ಲ. ಮನೆ ಗೋಡೆಯ ಎಲೆಕ್ಟ್ರಾನಿಕ್ ಮೀಟರು ಸೆಕೆಂಡಿಗೆ ಸಾವಿರಾರು ಸಲ ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಕರೆಂಟಿನಿಂದ ಗುಣಿಸಿ, ಸರಾಸರಿ ತೆಗೆದು, 9ನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.